ಕಪಿಲೆ ಚೀಲದ ಅಳತೆ

ಪೆದ್ದಹರಿವಾಣದ ದಾರಿಯಲ್ಲಿದ್ದ ನಮ್ಮ ಬಾವಿಗೆ ಮೂರು ಪಾಲು. ಎತ್ತು ಹೂಡಿ ತೊಗಲಚೀಲದಲ್ಲಿ ನೀರೆತ್ತುವ ಕಪಿಲೆ ಬೆಳಿಗ್ಗೆ ಭಾವನದು, ಮಧ್ಯಾಹ್ನ ನನ್ನ ಗಂಡನದು, ಸಂಜೆ ಇವರಿಬ್ಬರ ತಂಗಿಯದು. ಗಂಡ ಸತ್ತ ಮೇಲೆ ತವರಿಗೆ ಬಂದ ಆ ನನ್ನ ನಾದಿನಿಗೆ ಕಾಲುವೆಯ ಕೊನೆಯಲ್ಲಿ ಒಂದು ತುಂಡು ಹೊಲ ಬಿಟ್ಟುಕೊಟ್ಟಿದ್ದರು. ಕಪಿಲೆಯ ತೊಗಲಚೀಲ ಅವಳು ಗಂಡನ ಮನೆಯಿಂದ ತಂದದ್ದು, ಎತ್ತು ನಮ್ಮವು. ಮೆಣಸಿನಗಿಡ ಹಾಕಿದ್ದಳು. ಬೆಳೆ ಬಂದರೆ ತನ್ನ ಒಲೆ ತಾನು ಹಚ್ಚುತ್ತಾಳೆ, ಒಣಗಿದರೆ ಅಣ್ಣಂದಿರ ಮನೆಯಲ್ಲಿ ಪಾಳಿಯ ಮೇಲೆ ಊಟ. ಗಿಡ ಹೂ ಬಿಡುವ ಮೊದಲೇ ಯಾವ ತಿಂಗಳು ಯಾರ ಮನೆ ಎಂದು ಅಣ್ಣಂದಿರು ಮಾತಾಡಿ ಮುಗಿಸಿದ್ದರು. ಬಹಳ ಜವಾಬ್ದಾರಿಯ ಜನ.

ಬಿಸಿಲು ಏರಿದಂತೆ ಬಾವಿಯ ನೀರು ಇಳಿಯಿತು. ಇಳಿದಷ್ಟೂ ಇಬ್ಬರೂ ಜಾಸ್ತಿ ಎಳೆದರು. ಬಿಟ್ಟರೆ ಅಣ್ಣ ಎಳೆದಾನು, ಬಿಟ್ಟರೆ ತಮ್ಮ ಎಳೆದಾನು. ಮಡಿ ತುಂಬಿ, ಬದು ಒಡೆದು, ನೀರು ಬಂಡಿದಾರಿಗೆ ಹರಿಯುತ್ತಿತ್ತು. ದಾರಿಯಲ್ಲಿ ಹುಲ್ಲು ಚೆನ್ನಾಗಿ ಬಂದಿತ್ತು. ಸಂಜೆ ನಾದಿನಿಯ ಚೀಲಕ್ಕೆ ಬರೀ ಕೆಸರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡನಿಗೆ ಹೇಳಿ ನೋಡಿದೆ. "ಬಾವಿ ವಿಷ್ಯ ನಿನಗೇನ್ ಗೊತ್ತೈತಿ, ಸುಮ್ಕಿರು" ಅಂದರು.

ಹರಿದ ಚೀಲಗಳನ್ನು ಹೊಲಿಗೆಗೆ ಒಯ್ಯಲು ಗಂಡಸರಿಗೆ ಪುರುಸೊತ್ತು ಇರುತ್ತಿರಲಿಲ್ಲ. ನಾನೂ ಭಾವನ ಹೆಂಡತಿಯೂ ಒಯ್ದೆವು. ತೊಗಲು ಹೊಲಿಯುವ ಮುದುಕನಿಗೆ ನಾನು ಹೇಳಿದೆ: "ಅಜ್ಜಾ, ಎರಡನ್ನೂ ಒಂದೊಂದು ಗೇಣು ಒಳಗ ಹೊಲಿ, ಚೀಲ ಸಣ್ಣ ಆಗ್ಲಿ."

"ಯಜಮಾನ್ರು ಕೇಳಿದ್ರ ಏನ್ ಹೇಳ್ಲಿ ತಾಯಿ?"

"ಯುದ್ಧ ನಡದೈತಿ, ತೊಗಲೆಲ್ಲ ಮಿಲ್ಟ್ರಿ ಬೂಟಿಗೆ ಹೋಗೈತಿ ಅನ್ನು," ಅಂದಳು ನನ್ನ ನೆಗೆಣ್ಣಿ.

ಯಾರೂ ಕೇಳಲೇ ಇಲ್ಲ. ಎತ್ತುಗಳು ಹಗುರಾಗಿ ನಡೆದವು. ತಾನು ಹಿಂಡಿ ಹಾಕಿದ್ದಕ್ಕೆ ಬಲ ಬಂತೆಂದು ಭಾವ ಮೀಸೆ ತಿರುವಿದರು. ಬಂಡಿದಾರಿ ಒಣಗಿತು. ಸಂಜೆಯ ಪಾಳಿಗೆ ನೀರು ಉಳಿಯಿತು. ಮೆಣಸಿನಕಾಯಿ ಕೆಂಪಾಯಿತು, ನಾದಿನಿ ಬೇರೆ ಒಲೆ ಹೂಡಿದಳು. ಆ ಹೊಗೆ ನೋಡಿ ನನಗೆ ಅಳು ಬಂತು.

ಮರುವರ್ಷ ನಾದಿನಿಯೂ ತನ್ನ ಚೀಲ ಹೊತ್ತು ನಮ್ಮ ಜೊತೆ ಬಂದಳು. "ನಂದೂ ಒಳಗ ಹೊಲಿ ಅಜ್ಜಾ," ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಹುಚ್ಚಿ! ನಿನ್ನ ಸಲುವಾಗಿ ಅಲ್ಲೇನ ನಾವು ಹೊಲಿಸಿದ್ದು?"

"ಗೊತ್ತೈತಿ ವದಿನಾ. ನನ್ನ ಪಾಳಿ ಮುಗಿದ ಮ್ಯಾಲ ಕುರಿಯವರು ಬರ್ತಾರ. ಹ್ವಾದ ವರ್ಷ ಕುರಿ ಬಾವಿತನಕ ಬಂದು ನೀರಿಲ್ದ ಹಂಗ ತಿರುಗಿ ಹೋದ್ವು."

ಮುದುಕ ನನ್ನ ಮುಖ ನೋಡಿದ. "ಹೊಲಿ," ಅಂದೆ.