ಬಿಸಿಲಿಗಿಟ್ಟ ಸೆಲ್ಲಿನ ಹಾಡು

ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಟೂ-ಇನ್-ವನ್‌ಗೆ, ಅಂದರೆ ರೇಡಿಯೊ ಮತ್ತು ಟೇಪ್ ಎರಡೂ ಇದ್ದ ಪೆಟ್ಟಿಗೆಗೆ, ಅಪ್ಪ ಒಂದು ಕಾನೂನು ಮಾಡಿದ್ದರು. ಹೊಸ ಸೆಲ್ಲು ಕ್ರಿಕೆಟ್ ಕಾಮೆಂಟರಿಗೆ ಮಾತ್ರ. ಹಾಡು ಬೇಕಾದರೆ ಸೊರಗಿದ ಸೆಲ್ಲುಗಳನ್ನು ನಮ್ಮೂರು ಇಸಳೂರಿನ ಮನೆಯ ತಾರಸಿಯಲ್ಲಿ ಹಪ್ಪಳದ ಪಕ್ಕ ಒಣಗಿಸಿ, ಒಂದಿಷ್ಟು ಜೀವ ಬಂದ ಮೇಲೆ ಹಾಕಿಕೊಳ್ಳಬೇಕು. ಕರೆಂಟನ್ನು ನಂಬುವಂತಿರಲಿಲ್ಲ, ಹಾಗಾಗಿ ಸುತ್ತಲಿನ ಮನೆಗಳಲ್ಲೂ ಇದೇ ಕತೆ.

ಆಗ ಅಕ್ಕ ಹಾಡುವುದನ್ನೇ ಬಿಟ್ಟಿದ್ದಳು. ಅವಳದು ದಪ್ಪ ಕಂಠ. ಒಂದು ಭಜನೆಯಲ್ಲಿ ನೆಂಟರ ಪೈಕಿ ಹೆಂಗಸೊಬ್ಬಳು, "ಇದು ಕೂಸಿನ ಸ್ವರವ, ಮಾಣಿ ಸ್ವರವ?" ಎಂದು, ಹುಡುಗಿಯದೋ ಹುಡುಗನದೋ ತಿಳಿಯದೆಂಬಂತೆ, ಎಲ್ಲರೆದುರು ನಗಾಡಿದಳು. ಅಕ್ಕ ಮನೆಗೆ ಬಂದವಳೇ ಹಾರ್ಮೋನಿಯಂ ಮೇಲೆ ಹಳೇ ಚಾದರ ಹೊದಿಸಿದಳು. ಅಮ್ಮ ಎಷ್ಟು ಗೋಗರೆದರೂ ತೆಗೆಯಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅಂಥದ್ದರಲ್ಲಿ ಯಲ್ಲಾಪುರದ ಸೋದರಮಾವನ ಮಗ ಬಂದು ಒಂದು ಕ್ಯಾಸೆಟ್ಟು ಕೊಟ್ಟ. ಇಂಗ್ಲೆಂಡಿನ ನಾಲ್ವರು ಹುಡುಗರ ರಾಕ್ ಬ್ಯಾಂಡಂತೆ. "ಇಡೀ ಪ್ರಪಂಚನೇ ಕುಣಿತು ಇದಕ್ಕೆ" ಎಂದು ಹೇಳಿ, ಚಾ ಕುಡಿದು ಬಸ್ಸು ಹಿಡಿದ.

ಹಾಕಿ ನೋಡಿದೆವು. ಕುಣಿಯುವುದು ಹಾಗಿರಲಿ, ತೂಕಡಿಕೆ ಬರುವಷ್ಟು ನಿಧಾನ. ಯಕ್ಷಗಾನದ ಪದವೋ ಸಿನಿಮಾ ಹಾಡೋ ಎಳೆದಾಡಿದರೆ ಸೆಲ್ಲು ಸತ್ತಿದೆಯೆಂದು ನಮಗೆ ತಿಳಿಯುತ್ತಿತ್ತು. ಈ ಪರದೇಶದವರು ಹೇಗೆ ಹಾಡುತ್ತಾರೆಂದು ಯಾರಿಗೆ ಗೊತ್ತು? ಅವರ ರೀತಿಯೇ ಹೀಗೆ ಅಂದುಕೊಂಡೆವು. ನಾಲ್ವರ ದನಿಯೂ ಎಷ್ಟು ಕೆಳಗಿತ್ತೆಂದರೆ, ಅದರ ಮುಂದೆ ಅಕ್ಕನ ಕಂಠವೇ ತೆಳು.

ಅಕ್ಕ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. "ಇವಕ್ಕೂ ಯನ್ನಂಗೇ ದಪ್ಪ ಸ್ವರ ನೋಡೆ" ಅಂದಳು. ಮಾರನೇ ದಿನ ಬಟ್ಟೆ ಒಗೆಯುತ್ತಾ ಅದರ ಮೊದಲ ಹಾಡನ್ನು ಗುನುಗಿದಳು. ಆ ವಾರವೇ ಚಾದರ ಸರಿಯಿತು. ಅಮ್ಮ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ.

ಶಿರಸಿಯ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳು ಹಾರ್ಮೋನಿಯಂ ಹಿಡಿದು, ವಿಲಂಬಿತದ ನಿಧಾನ ಲಯದಲ್ಲಿ, ಕಣ್ಣು ಮುಚ್ಚಿ ಆ ಹಾಡು ಹಾಡಿದಳು. ಗಲಾಟೆಗೆ ಹೆಸರಾದ ಹಿಂದಿನ ಬೆಂಚಿನವರೂ ಬಾಯಿ ಮುಚ್ಚಿ ಕೇಳಿದರು. ಇಂಗ್ಲಿಷ್ ಕಲಿಸುವ ಮೇಷ್ಟ್ರು ಮಾತ್ರ ಮೊದಲಿಂದ ಕೊನೆವರೆಗೆ ಮುಗುಳ್ನಗುತ್ತಿದ್ದರು. "ಹೀಗೇ ಹಾಡು, ಬೇರೆ ಥರ ಕಲಿಯೋಕೆ ಹೋಗಬೇಡ" ಅಂದರು. ಅದು ಬರೀ ಹೊಗಳಿಕೆ ಎಂದುಕೊಂಡೆವು.

ಹೊಸ ಶತಮಾನ ಬಂತು. ಅಕ್ಕ ಮದುವೆಯಾಗಿ ಸಿದ್ದಾಪುರ ಸೇರಿ, ಮಕ್ಕಳಿಗೆ ಸಂಗೀತ ಹೇಳಿಕೊಡತೊಡಗಿದಳು. ಒಮ್ಮೆ ಹುಬ್ಬಳ್ಳಿಯಲ್ಲಿ ಅದೇ ಬ್ಯಾಂಡಿನ, ಅದೇ ಹಾಡಿದ್ದ ಸಿ.ಡಿ. ಸಿಕ್ಕಿತು. ಖುಷಿಯಿಂದ ಕೊಂಡು ಅವಳ ಮನೆಗೆ ಒಯ್ದು ಹಾಕಿದೆ.

ನಾಲ್ವರೂ ಓಡೋಡಿ ಹಾಡುತ್ತಿದ್ದರು. ದನಿ ಮೇಲಕ್ಕೆ, ತೆಳ್ಳಗೆ, ಉಲ್ಲಾಸದಿಂದ ಪುಟಿಯುತ್ತಿತ್ತು. ನಮ್ಮ ಸೊರಗಿದ ಸೆಲ್ಲು ಟೇಪನ್ನು ನಿಧಾನ ಓಡಿಸಿ ದನಿಯನ್ನೂ ದಪ್ಪ ಮಾಡಿತ್ತೆಂದು ಆಗ ಹೊಳೆಯಿತು. ಯಾವುದನ್ನು ನಂಬಿ ಅಕ್ಕ ಬಾಯಿ ತೆರೆದಿದ್ದಳೋ ಆ ದಪ್ಪ ದನಿ ಅವರಿಗೆ ಇರಲೇ ಇಲ್ಲ. ಇವಳು ಮತ್ತೆ ಚಾದರ ಹುಡುಕಿದರೆ? ಎಲ್ಲಿಂದ ತಂದೆನಪ್ಪಾ ಇದನ್ನು ಎಂದು ನನ್ನನ್ನೇ ಬೈದುಕೊಂಡೆ.

ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂತಕೆ ಇಷ್ಟು ಗಡಿಬಿಡಿ ಮಾರಾಯ್ತಿ ಇವಕ್ಕೆ? ಬಸ್ಸು ತಪ್ಪೋಗ್ತ?"

ನಕ್ಕು ಸುಸ್ತಾಗಿ ಗೋಡೆಗೊರಗಿದಳು.

"ಅಪ್ಪ ಆವತ್ತು ಹೊಸ ಸೆಲ್ಲು ಹಾಕಿದ್ರೆ, ಆನು ಮತ್ತೆ ಹಾಡ್ತಿದ್ನಿಲ್ಲೆ" ಅಂದಳು.

ಸಂಜೆಯ ಕ್ಲಾಸಿಗೆ ಮಕ್ಕಳು ಬರತೊಡಗಿದ್ದರು. ಅಕ್ಕ ಸಿ.ಡಿ.ಯನ್ನು ಜೋಪಾನವಾಗಿ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟು, ಹಾರ್ಮೋನಿಯಂ ಎಳೆದುಕೊಂಡಳು. ಮಕ್ಕಳೆಲ್ಲ ಅವಳ ಹಿಂದೆ ಅದೇ ಹಾಡನ್ನು ನಿಧಾನವಾಗಿ, ನಮ್ಮ ಇಸಳೂರಿನ ಲಯದಲ್ಲಿ ಹೇಳಿದರು.