ಚೀಟಿ ಎತ್ತಿದಾಗ ಬಂದ ವಾದ

ನಾನು ಕೆ.ಆರ್.ಪೇಟೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವೂ ನನ್ನದೇ. ನಮ್ಮ ಕಡೆಯ ಮಕ್ಕಳಿಗೆ ಜಗಳವಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಾದ ಮಾಡುವುದನ್ನು ಹೇಳಿಕೊಡಬೇಕು. ಅದಕ್ಕೆಂದು ಕಪ್ಪುಹಲಗೆಯ ಮೇಲೆ ಕೆಲವು ಮಾತು ಬರೆಯುತ್ತೇನೆ: ‘ಕಾರಣವೇನೆಂದರೆ’, ‘ಒಂದು ವೇಳೆ’, ‘ಹಾಗಿದ್ದಲ್ಲಿ’, ‘ನೀವು ಹೇಳುವುದನ್ನು ಒಪ್ಪುತ್ತೇನೆ, ಆದರೂ’. ಕೊನೆಯದಕ್ಕೆ ಅಡಿಗೆರೆ ಎಳೆಯುತ್ತೇನೆ. ಎದುರಿನವರ ಮಾತಿನಲ್ಲಿರುವ ನಿಜವನ್ನು ಮೊದಲು ಒಪ್ಪಿಕೊಂಡರೆ ಮಾತ್ರ ಅವರು ಕಿವಿಗೊಡುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಪಾಂಡವಪುರದಲ್ಲಿ ನಡೆಯಲಿದ್ದ ಸ್ಪರ್ಧೆಗೆ ಆಯ್ಕೆಯಾದಳು. ಸಂತೆಬಾಚಹಳ್ಳಿ ಕಡೆಯ ರೈತರ ಮನೆಯವಳು. ವಿಷಯ, ‘ಇಂದಿನ ಬೇಸಾಯಕ್ಕೆ ಎತ್ತುಗಳು ಬೇಕಾಗಿಲ್ಲ’. ಪರವೋ ವಿರೋಧವೋ ಎಂಬುದಕ್ಕೆ ಚೀಟಿ ಎತ್ತಿಸಿದೆವು. ಅವಳಿಗೆ ‘ಪರ’ ಬಂತು. ಮುಖ ಬಾಡಿತು.

“ಸಾರ್, ನಮ್ಮನೇಲಿ ತಾತ ಇನ್ನೂ ಜೋಡೆತ್ತು ಸಾಕವ್ರೆ. ನಾನೆಂಗೆ ಅಂಗೆ ಮಾತಾಡ್ಲಿ?”

“ಇದು ಸ್ಪರ್ಧೆ ಕಣಮ್ಮ. ನೀನು ನಂಬಬೇಕಾಗಿಲ್ಲ. ಕೇಳೋರು ನಂಬೋ ಹಾಗೆ ಹೇಳು, ಸಾಕು” ಎಂದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಎಂದು ಈಗ ನಾಚಿಕೆಯಾಗುತ್ತದೆ.

ಎರಡು ವಾರ ಪ್ರತಿ ಸಂಜೆ ಅವಳು ಕೊಟ್ಟಿಗೆಯ ಮುಂದೆ ನಿಂತು ಅಭ್ಯಾಸ ಮಾಡಿದಳಂತೆ. ತಾತ ಎತ್ತುಗಳಿಗೆ ಹುಲ್ಲು ಹಾಕುತ್ತ ಕೇಳಿಸಿಕೊಳ್ಳುತ್ತಿದ್ದರಂತೆ. ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಮುಂದಿನ ವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನನ್ನೆದುರು ಬಂದು ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು.

“ತಾತ ಎತ್ತು ಮಾರ್ಬುಟ್ರು ಸಾರ್. ಅದು ಬರೀ ಸ್ಪರ್ಧೆಗೆ ಅಂದ್ರೂ ಕೇಳ್ನಿಲ್ಲ. ನೀವಾದ್ರೂ ಬಂದು ಹೇಳಿ.”

ಭಾನುವಾರ ಹೋದೆ. ತಾತ ಜಗಲಿಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಚೀಟಿಯ ಕಥೆ ಹೇಳಿದೆ. ಇನ್ನೊಂದು ಚೀಟಿ ಬಂದಿದ್ದರೆ ಇವಳು ಎತ್ತು ಬೇಕೇ ಬೇಕೆಂದು ವಾದಿಸುತ್ತಿದ್ದಳು, ತಪ್ಪು ನನ್ನದು ಎಂದೆ. ಅವರು ನಕ್ಕರು.

“ಗೊತ್ತು ಬುಡಿ ಮೇಷ್ಟ್ರೇ, ಇವ್ಳೇ ಏಳುದ್ಳು. ಐದಾರು ವರ್ಷದಿಂದ ನನ್ನ ಮಕ್ಳು ‘ಮಾರು, ಮಾರು’ ಅಂತ ಕೂಗಾಡ್ತಿದ್ರು. ಅವ್ರು ಕೂಗ್ದಷ್ಟೂ ನಾನು ಬಿಗ್ದುಕೊಂಡು ಕೂತೆ. ಇವ್ಳು ಎತ್ತು ಇದ್ರೆ ಗೊಬ್ರ, ಎತ್ತು ಇದ್ರೆ ಮನೆಗೆ ಕಳೆ, ಒಪ್ತೀನಿ ಅಂದ್ಳು. ಆದ್ರೂ ಎತ್ತಿನ ಇಂದೆ ನಡೆಯೋ ಕಾಲಿಗೂ ವಯಸ್ಸಾಯ್ತದೆ ಅಂದ್ಳು. ನನ್ನ ಕಾಲಿನ ಮಾತ ಯಾರೂ ಎತ್ತಿರ್ನಿಲ್ಲ.”

ಬಾಗಿಲ ಮರೆಯಿಂದ ಹುಡುಗಿ ಕೂಗಿದಳು. “ಅದು ಬರೀ ಪಾಯಿಂಟು ತಾತ! ನಿನ್ನ ನೆನೆಸ್ಕೊಂಡು ಬರ್ದಿದ್ದಲ್ಲ!”

“ಆಗ್ಲಿ ಬುಡು ಮಗ. ನೋಯೋದು ನನ್ನ ಕಾಲೇ ಅಲ್ವಾ?”

ಎತ್ತುಗಳನ್ನು ನಾಗಮಂಗಲದ ಕಡೆಯ ಗಂಡಹೆಂಡತಿಗೆ ಕೊಟ್ಟಿದ್ದರು. ಅವರ ತುಂಡು ಹೊಲದಲ್ಲಿ ಟ್ರಾಕ್ಟರು ತಿರುಗಿಸಲೂ ಜಾಗವಿಲ್ಲವಂತೆ. “ಅಲ್ಲಿ ಅವುಕ್ಕೆ ಕೆಲ್ಸ ಅದೆ” ಎಂದರು. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು, “ಹೊತ್ತು ಮುಳುಗ್ತಿದ್ದಂಗೆ ಮಾತ್ರ ಕಾಲು ಕೊಟ್ಟಿಗೆ ಕಡೀಕೇ ಓಯ್ತವೆ” ಎಂದರು. ಕಾಫಿ ಕುಡಿದು ಎದ್ದೆ.

ಬೇಸಿಗೆ ರಜೆಯಲ್ಲಿ ತಾತ ಮೊಮ್ಮಗಳನ್ನು ಕರೆದುಕೊಂಡು ಎತ್ತುಗಳನ್ನು ನೋಡಿ ಬಂದರು. ಒಂದು ಅವರ ಕೈ ನೆಕ್ಕಿತಂತೆ. ಇನ್ನೊಂದು ಮೇವಿನಿಂದ ತಲೆಯೇ ಎತ್ತಲಿಲ್ಲವಂತೆ. ಹತ್ತನೇ ತರಗತಿಯಲ್ಲಿ ಅವಳು ಚರ್ಚಾಸ್ಪರ್ಧೆಗೆ ಬರುವುದಿಲ್ಲ, ಪ್ರಬಂಧ ಬರೆಯುತ್ತೇನೆ ಎಂದಳು. ನಾನು ಒತ್ತಾಯ ಮಾಡಲಿಲ್ಲ. ಅಂದಿನಿಂದ ವಿಷಯ ಕೊಡುವ ಮುಂಚೆ, ಇದು ನಿಮ್ಮ ಮನೆಯಲ್ಲಿ ಯಾರಿಗಾದರೂ ತಾಕುತ್ತದೆಯೇ ಎಂದು ಮಕ್ಕಳನ್ನು ಕೇಳುತ್ತೇನೆ.

ಹೋದ ವರ್ಷ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಈಗ ಡಿಗ್ರಿ ಓದುತ್ತಿದ್ದಾಳೆ. ಡಾಕ್ಟರು ತಾತನ ಮೊಣಕಾಲಿಗೆ ಆಪರೇಷನ್ ಆಗಬೇಕು ಎಂದಿದ್ದಾರೆ, ತಾತ ಒಲ್ಲೆ ಎನ್ನುತ್ತಿದ್ದಾರೆ ಎಂದಳು.

“ನೀನು ಹೇಳಲಿಲ್ವಾ?” ಎಂದೆ.

“ನಾನು ಬಾಯೇ ಬುಡ್ನಿಲ್ಲ ಸಾರ್. ಅಪ್ಪನೇ ದಿನಾ ಪಕ್ಕ ಕೂತ್ಕಂಡು ಮೆತ್ತಗೆ ಮಾತಾಡ್ತಾವ್ರೆ. ಕೂಗಾಡೋದ ಬುಟ್ಬುಟ್ಟವ್ರೆ.”

“ತಾತ ಏನಂತಾರೆ?”

“ನೋಡಾನ ಅಂದವ್ರೆ” ಎಂದು ನಕ್ಕು ಬಸ್ಸು ಹತ್ತಿದಳು.