ಹಕಾರದ ಕೆಂಪು ಗೆರೆ

ಹಲಗೂರಿನಲ್ಲಿ ಬಸ್ಸಿಳಿದು ಇಪ್ಪತ್ತು ನಿಮಿಷ ನಡೆದರೆ ಸಿಗುವ ಊರೊಂದರ ಶಾಲೆಗೆ ನಾನು ಅತಿಥಿ ಶಿಕ್ಷಕಿಯಾಗಿ ಸೇರಿದ್ದೆ. ದಿನಚರಿಯಲ್ಲಿ ಲೆಕ್ಕ ಬರೆಯುವ ಅಭ್ಯಾಸ ಹೈಸ್ಕೂಲಿನಿಂದಲೂ ಇದೆ: ಬಸ್ಸು ಎಷ್ಟು ನಿಮಿಷ ತಡ, ಯಾವ ಮಗು ಎಷ್ಟು ದಿನ ಗೈರು. ಹೀಗಾಗಿ ಶಾಲೆಗೆ ಟ್ಯಾಬ್ ಬಂದ ದಿನವೂ ಅದರಲ್ಲಿದೆ. ಜೂನ್ ಮೂರನೇ ವಾರ, ಮಂಗಳವಾರ. ಟ್ಯಾಬ್ ಆರು, ಚಾರ್ಜರ್ ಐದು.

ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಮಗು ಗಟ್ಟಿಯಾಗಿ ಓದಬೇಕು, ಟ್ಯಾಬ್ ಕೇಳಿಸಿಕೊಳ್ಳುತ್ತದೆ. ಸರಿಯಾಗಿ ಓದಿದ ಪದದ ಕೆಳಗೆ ಹಸಿರು ಗೆರೆ, ತಪ್ಪಿದರೆ ಕೆಂಪು. ಒಂದೇ ಸಾಲಿನಲ್ಲಿ ಮೂರು ಕೆಂಪಾದರೆ ಒಳಗಿನ ದನಿ "ಮತ್ತೊಮ್ಮೆ ಪ್ರಯತ್ನಿಸು" ಎನ್ನುತ್ತದೆ. ಮಗು ಮೊದಲ ಮೆಟ್ಟಿಲಿನಲ್ಲೇ ಉಳಿಯುತ್ತದೆ. ಹಾಗೆ ಉಳಿದವರ ಪಟ್ಟಿ ದಸರಾ ರಜೆಗೆ ಮುಂಚೆ ಮಳವಳ್ಳಿಯ ಕಚೇರಿಗೆ ಹೋಗಬೇಕಿತ್ತು. ಪಟ್ಟಿಯಲ್ಲಿದ್ದವರು ರಜೆಯ ನಂತರ ಓದಿನ ಪೀರಿಯಡ್ಡಿಗೆ ಎರಡನೇ ತರಗತಿಯವರ ಜೊತೆ ಕೂರಬೇಕು.

ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಓದುವಾಗ ಯಾರು ತಡವರಿಸಿದರೂ ಉಳಿದವರು ಅವಳ ಕಡೆಗೇ ನೋಡುತ್ತಿದ್ದರು. ಬಿಸಿಯೂಟದ ಅಕ್ಕಿ ಮೂಟೆಯ ಮೇಲಿನ ಅಕ್ಷರವನ್ನೂ ಬಿಡದೆ ಓದುವವಳು. ಅವಳ ಮುಂದೆ ಟ್ಯಾಬ್ ಇಟ್ಟೆ. "ಹಳ್ಳಿಯ ಹೊಲದಲ್ಲಿ ಹಸು ಹುಲ್ಲು ಮೇಯುತ್ತಿತ್ತು" ಎಂದಿತ್ತು. ಅವಳು ಎಲ್ಲೂ ನಿಲ್ಲದೆ, "ಅಳ್ಳಿಯ ಒಲದಲ್ಲಿ ಅಸು ಉಲ್ಲು ಮೇಯುತ್ತಿತ್ತು" ಎಂದು ಓದಿದಳು. ನಾಲ್ಕು ಕೆಂಪು, ಒಂದು ಹಸಿರು.

"ಸರ್ಯಾಗೇ ಓದ್ದೆ ಕಣ್ ಮಿಸ್. ಇದ್ಕೆ ಕಿವಿ ಕೇಳ್ಸಲ್ವಾ?"

ನಾನು ಟ್ಯಾಬಿನ ಪಕ್ಷ ವಹಿಸಿದೆ. ಎರಡು ವಾರವಾದರೂ ಕೆಂಪು ಕಡಿಮೆಯಾಗದಿದ್ದಾಗ, ಬಾಯಿಯ ಮುಂದೆ ಅಂಗೈ ಹಿಡಿಸಿ, "ಹ ಅಂದಾಗ ಕೈಗೆ ಗಾಳಿ ತಾಗಬೇಕು" ಎಂದು ಹೇಳಿಕೊಟ್ಟೆ. ದಿನಕ್ಕೆ ಹತ್ತು ನಿಮಿಷ, ಹನ್ನೊಂದು ದಿನ. ಹನ್ನೆರಡನೆಯ ದಿನ ಬಂದ ಸಾಲು, "ಆನೆಯು ಎಲೆ ತಿಂದಿತು, ಅಕ್ಕ ಓಡಿ ಬಂದಳು." ಅವಳು ಅಂಗೈ ಹಿಡಿದು ಉಸಿರು ತುಂಬಿ ಓದಿದಳು: "ಹಾನೆಯು ಹೆಲೆ ತಿಂದಿತು, ಹಕ್ಕ ಹೋಡಿ ಬಂದಳು."

"ಹಾನೆ ಬತ್ತಾದೆ, ದಾರಿ ಬುಡ್ರಲೇ!" ಎಂದ ಹಿಂದಿನ ಬೆಂಚಿನವನೊಬ್ಬ.

"ನಿನ್ ಹಕ್ಕ ಎಲ್ಲವ್ಳೆ, ಅಮ್ಮಿ?" ಎಂದಳು ಪಕ್ಕದವಳು.

ಹುಡುಗಿ ಟ್ಯಾಬನ್ನು ಬೋರಲು ಹಾಕಿದಳು. ಅಂದಿನಿಂದ ಓದುವ ಸರದಿ ಬಂದಾಗಲೆಲ್ಲ "ಗಂಟ್ಲು ನೋವು ಮಿಸ್." ದಿನಚರಿಯ ಪ್ರಕಾರ ಗಂಟಲು ನೋವು ಒಂಬತ್ತು ದಿನ. ಆ ಒಂಬತ್ತೂ ದಿನ ಅಂಗಳದ ಕುಂಟೆಬಿಲ್ಲೆಯಲ್ಲಿ "ಗೆರೆ ತುಳ್ದೆ, ಔಟು!" ಎಂಬ ಅವಳ ಕೂಗು ನನಗೆ ಸ್ಟಾಫ್ ರೂಮಿಗೂ ಕೇಳುತ್ತಿತ್ತು.

ಒಂದು ಶನಿವಾರ ಹಳೆಯ ಪುಟಗಳನ್ನು ತೆಗೆದು ಕೂತೆ. ಕೆಂಪಾದ ಪ್ರತಿ ಪದವನ್ನೂ ಬರೆದಿಟ್ಟಿದ್ದೆ, ಆದರೆ ವಿಂಗಡಿಸಿರಲಿಲ್ಲ. ಮೂರು ಕಾಲಂ ಎಳೆದೆ: ಹ ಬಿಟ್ಟದ್ದು, ಶ ಹೋಗಿ ಸ ಆದದ್ದು, ನಿಜವಾಗಿ ತಪ್ಪು ಓದಿದ್ದು. ಅಂಗೈ ಪಾಠಕ್ಕೆ ಮುಂಚಿನ ಅವಳ ಲೆಕ್ಕ ನಲವತ್ತೊಂದು, ಆರು, ಎರಡು. ಆಮೇಲೆ ನಾಲ್ಕನೆಯ ಕಾಲಂ ಬೇಕಾಯಿತು: ನಾನು ಕಲಿಸಿ ಕೆಡಿಸಿದ್ದು. ಅದರಲ್ಲಿ ಹದಿನೇಳು.

ಸೋಮವಾರ ಪುಟವನ್ನು ಹೆಡ್ ಮೇಡಂ ಮುಂದೆ ಇಟ್ಟೆ. ಅವರೂ ಇದೇ ಸೀಮೆಯ ಚಿಕ್ಕರಸಿನಕೆರೆ ಕಡೆಯವರು. ಟ್ಯಾಬ್ ಎಳೆದುಕೊಂಡು ಕನ್ನಡಕ ಏರಿಸಿ ತಾವೇ ಓದಿದರು. ಮೊದಲ ಸಾಲಿನಲ್ಲೇ ಮೂರು ಕೆಂಪು. "ಮತ್ತೊಮ್ಮೆ ಪ್ರಯತ್ನಿಸು" ಎಂದಿತು ದನಿ.

"ಓಗ್ಲಿ ಬುಡಿ ಮಿಸ್, ನನ್ನೂ ಎರಡ್ನೇ ಕ್ಲಾಸಲ್ಲೇ ಕೂರ್ಸಿ. ಊಟದ್ ಬೆಲ್ಲು ಮಾತ್ರ ನಾನೇ ಒಡೀತೀನಿ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಪಟ್ಟಿಗೆ ಸೈನ್ ಆಕೋಳು ನಾನು, ಈ ಟ್ಯಾಬಲ್ಲ. ಆದ್ರೆ ಮ್ಯಾಲಿನೋರು ಕೇಳುದ್ರೆ ಬಾಯ್ಮಾತು ಸಾಕಾಗಲ್ಲ. ಈ ಲೆಕ್ಕಾನ ನೀವೇ ಮಳವಳ್ಳಿಗ್ ತಕ್ಕೊಂಡೋಗಿ," ಎಂದರು.

ಆ ವಾರವೇ ಮಳವಳ್ಳಿಯಲ್ಲಿ ಟ್ಯಾಬ್ ತರಬೇತಿ ಇತ್ತು. ತರಬೇತಿ ಕೊಡಲು ಬಂದಿದ್ದ ಯುವತಿ ನನ್ನ ಕಾಲಂಗಳನ್ನು ಎರಡು ಸಲ ನೋಡಿದರು. "ಇದಕ್ಕೆ ನಿಮ್ಮ ಕಡೆಯ ಮಾತು ಕೇಳಿ ಗೊತ್ತೇ ಇಲ್ಲ. ಕೇಳಿಸಿದರೆ ಕಲಿಯುತ್ತದೆ. ಮನೆಯವರ ಒಪ್ಪಿಗೆ ತೆಗೆದುಕೊಂಡು ಮಕ್ಕಳು ಓದುವುದನ್ನು ರೆಕಾರ್ಡ್ ಮಾಡಿ ಕಳಿಸಿ," ಎಂದರು. ಶಿಕ್ಷಕರೇ ಕೆಂಪನ್ನು ಹಸಿರು ಮಾಡುವ ಗುಂಡಿಯೂ ಮುಂದೆ ಬರಬಹುದಂತೆ. ಯಾವಾಗ ಎಂದು ಹೇಳಲಿಲ್ಲ. ದಿನಚರಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಹುಡುಗಿಯ ಮನೆಗೆ ಹೋಗಿ ಅಜ್ಜಿಗೆ ವಿವರಿಸಿದೆ. ಅವರು ಅಲಸಂದೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಮ್ ಮಾತ್ ಬರಲ್ವಂತಾ ಅದ್ಕೆ? ಪಾಪ, ಅದ್ಯಾವೂರ್ದೋ! ಯೋಳ್ಕೊಡವ್ವ, ಕಲೀಲಿ," ಎಂದು ಮೊಮ್ಮಗಳಿಗೆ ಹೇಳಿದರು. ಹುಡುಗಿ ಕಂಬದ ಹಿಂದೆಯೇ ನಿಂತಿದ್ದಳು.

"ನಾನು ಹೇಳಿಕೊಟ್ಟದ್ದು ತಪ್ಪಾಯ್ತು ಕಣಮ್ಮ," ಎಂದೆ. "ನೀನು ಮೊದಲೇ ಸರಿಯಾಗಿ ಓದ್ತಿದ್ದೆ. ಬರೆಯುವಾಗ ಹ ಬಿಡಬೇಡ, ಅಷ್ಟೇ."

"ಅಂಗಾರೆ ಓದೋವಾಗ ಕೈ ಇಡೀಬೇಕಾ?"

"ಬೇಡ."

"ಆನೇಗೂ?"

"ಆನೇಗೂ ಬೇಡ."

ಮಾರನೆಯ ದಿನ ಹೆಡ್ ಮೇಡಂ ಕೋಣೆಯಲ್ಲಿ, ಫ್ಯಾನು ನಿಲ್ಲಿಸಿ, ಅವಳು ನಾಲ್ಕು ಪುಟ ಓದಿದಳು. ಮೂರನೆಯ ಪುಟದಲ್ಲಿ ಬಸ್ಸಿನ ಹಾರನ್ ಸೇರಿಕೊಂಡಿತೆಂದು ಅವಳೇ ನಿಲ್ಲಿಸಿ ಮತ್ತೆ ಓದಿದಳು. ಆಮೇಲೆ ಹೆಡ್ ಮೇಡಂ ಕೇಳಿದ ಏಳು ಪ್ರಶ್ನೆಗೆ ಏಳೂ ಉತ್ತರ. ಇದೇ ರೀತಿ ಒಟ್ಟು ಹತ್ತೊಂಬತ್ತು ಮಕ್ಕಳ ಓದನ್ನು ಕಳಿಸಿದೆವು.

ಟ್ಯಾಬ್ ಕೊಟ್ಟ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು. ಎಲ್ಲರನ್ನೂ ನಾವಿಬ್ಬರು ಕೂರಿಸಿಕೊಂಡು ಕೇಳಿದ ಮೇಲೆ ಉಳಿದದ್ದು ಮೂರು. ಆ ಮೂವರಿಗೆ ನಿಜವಾಗಿಯೂ ಸಹಾಯ ಬೇಕಿತ್ತು. ಅವರನ್ನು ಹುಡುಕಿಕೊಟ್ಟದ್ದು ಟ್ಯಾಬೇ ಎಂದೂ ಬರೆದಿಟ್ಟಿದ್ದೇನೆ. ಹೆಡ್ ಮೇಡಂ ಸಹಿ ಹಾಕಿದರು.

ರಜೆ ಮುಗಿದ ಮೊದಲ ಗುರುವಾರ, ಓದಿನ ಪೀರಿಯಡ್. ಅವಳು ನಾಲ್ಕನೇ ತರಗತಿಯ ತನ್ನ ಬೆಂಚಿನಲ್ಲೇ ಕೂತು ಜೇನುಹುಳದ ಪಾಠ ಓದುತ್ತಿದ್ದಳು. ಟ್ಯಾಬ್ ಇನ್ನೂ ನಮ್ಮ ಮಾತು ಕಲಿತಿರಲಿಲ್ಲ. ಐದು ಪದದ ಕೆಳಗೆ ಕೆಂಪು ಗೆರೆ ಬಿತ್ತು. ಅವಳು ಅವುಗಳ ಹತ್ತಿರ ನಿಲ್ಲದೆ ಮುಂದಿನ ಪುಟ ತೆರೆದಳು.